ಹಾಲು ಯಾರು ಕರೆಯುವುದು?

ಜನವರಿ ೪, ಶನಿವಾರ, ಬೆಳಿಗ್ಗೆ

ಮಲ್ಲಿಗೆ ಕೊಯ್ದು, ಕಟ್ಟಿ, ರಿಕ್ಷಾಕ್ಕೆ ಹಾಕಿಯಾಯಿತು. ಹಾಲೂ ಡೈರಿಗೆ ಹೋಯಿತು. ಕೆಂಪು ದನ ಇವತ್ತೂ ಒದೆಯಿತು. ಅದರ ತಪ್ಪಲ್ಲ. ನನ್ನ ಬೆರಳುಗಳಿಗೆ ಹಿಡಿತ ಇಲ್ಲ, ಎಳೆದೆಳೆದು ಅದಕ್ಕೆ ನೋವಾಗುತ್ತದೆ.

ತಮ್ಮ ಸುಕೇಶ ಆಗಲೇ ಇಸ್ತ್ರಿ ಶರ್ಟ್ ಹಾಕಿ ಅಂಗಳದಲ್ಲಿ ನಿಂತಿದ್ದಾನೆ. ಇಂದಿನಿಂದ ಕಾರ್ಕಳದಲ್ಲಿ ಟ್ರೈನಿಂಗ್. ಸಣ್ಣ ಜಾಗದಲ್ಲಿ ಮನೆಯವರೇ ಸೇರಿ ಲಾಭದ ಕೃಷಿ ಮಾಡುವುದು ಹೇಗೆ ಅಂತ. ಶನಿವಾರ ಶನಿವಾರ ಕ್ಲಾಸು. ಒಂದು ಮನೆಯಿಂದ ಇಬ್ಬರು ಬರಲೇಬೇಕಂತೆ. ಅವನ ಹೆಂಡತಿ ಭವ್ಯಶ್ರೀಗೆ ಕಾಪುವಿನ ಮೆಡಿಕಲ್ ಶಾಪಿನಿಂದ ರಜೆ ಸಿಗುವುದಿಲ್ಲ. ಹಾಗಾಗಿ ನಾನು.

"ಅಕ್ಕ, ನೀನು ಸುಮ್ಮನೆ ಕೂತ್ರೆ ಸಾಕು. ಮಾತಾಡ್ಲಿಕ್ಕೆ ನಾನುಂಟು," ಅಂದ.

ಸುಮ್ಮನೆ ಕೂರುವುದಾದರೆ ಬೇಡ ಅನ್ನಲಿಕ್ಕೆ ನಾನು ಯಾರು!

ಜನವರಿ ೫, ಭಾನುವಾರ

ಪಾಠ ಹೇಳುವವರು ಇಮೆಲ್ಡಾ ಎಂಬವರು. ನನ್ನದೇ ಪ್ರಾಯ ಇರಬಹುದು. ಕಾರ್ಕಳದಿಂದ ಸ್ವಲ್ಪ ಒಳಗೆ ಅವರದ್ದೇ ತೋಟ, ಅಲ್ಲಿಯೇ ಹಂಚಿನ ಶೆಡ್ಡಿನಲ್ಲಿ ಕ್ಲಾಸು. ಬೋರ್ಡಿಗಿಂತ ಹೆಚ್ಚು ತೋಟದಲ್ಲೇ ತಿರುಗಿಸಿದರು. ಪ್ರತಿ ದನದ ಹಾಲನ್ನೂ ಅದು ತಿನ್ನುವ ಹಿಂಡಿಯನ್ನೂ ಬೇರೆ ಬೇರೆ ತೂಗಬೇಕಂತೆ. "ಒಟ್ಟಿಗೆ ನೋಡಿದ್ರೆ ಒಳ್ಳೆ ದನ ಸೋಮಾರಿ ದನವನ್ನು ಸಾಕ್ತಾ ಇರ್ತದೆ, ನಿಮಗೆ ಗೊತ್ತೇ ಆಗುದಿಲ್ಲ." ಎಲ್ಲರೂ ನಕ್ಕರು.

ಪಕ್ಕದಲ್ಲಿ ಕೂತವಳು ಹೆಜಮಾಡಿಯ ಲೊರ್ನಾ. ಬಾತುಕೋಳಿ ಸಾಕುತ್ತಾಳೆ, ಗಂಡ ಹಡಗಿನಲ್ಲಿ. ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಅತ್ತೆ ಊಟದ ನಂತರ ಕೂತಲ್ಲೇ ನಿದ್ದೆ.

ಸುಕೇಶ ಬಾಯಿ ತುಂಬ ಪ್ರಶ್ನೆ ಕೇಳಿದ. ಅವನನ್ನು ಹಾಗೆ ನೋಡದೆ ಎಷ್ಟು ಸಮಯವಾಯಿತು... ಶಾರ್ಜಾದಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದವ. ಕಂಪೆನಿ ಮುಚ್ಚಿ, ಕಳೆದ ಮಳೆಗಾಲಕ್ಕೆ ಎಲ್ಲೂರಿನ ನಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗಿದ್ದ. ಪೇಟೆಗೆ ಹೋದರೆ "ಪುನಃ ಯಾವಾಗ ಹೋಗುದು?" ಎಂದು ಕೇಳುತ್ತಾರೆ ಅಂತ ಕ್ಷೌರಕ್ಕೂ ಹೋಗಲಿಲ್ಲ. ಈಗ ಎದ್ದಿದ್ದಾನೆ. ನಾನು ನಡುವೆ ಬಂದು ಏನಾದರೂ ಹೇಳಿ ಅವನನ್ನು ಪುನಃ ಮಲಗಿಸಬಾರದು.

ಜನವರಿ ೧೪

ಬಲಗೈ ಜೋಮು. ಹೂ ಕಟ್ಟುವಾಗ ನಾರು ಜಾರುತ್ತದೆ. ಇವತ್ತು ಅನ್ನದ ತಟ್ಟೆ ಬಿತ್ತು. ಭವ್ಯ ಕೇಳಿದ್ದಕ್ಕೆ ಸಾಬೂನಿನ ಕೈ ಅಂದೆ.

ಅಮ್ಮನಿಗೂ ಮೊದಲು ಬಲಗೈಯೇ. ಆಮೇಲೆ ಒಂದು ಬದಿ ಪೂರ್ತಿ. ಅವರನ್ನು ಎತ್ತಿ ಮಲಗಿಸಿದವಳು ನಾನು. ನನ್ನನ್ನು ಯಾರು—

ಬೇಡ. ಎಣ್ಣೆ ಹಚ್ಚಿದ್ದೇನೆ.

ಜನವರಿ ೧೯

ಸುಕೇಶನ ಪ್ಲ್ಯಾನ್ ರೆಡಿ. ಹತ್ತು ದನ, ಹೊಸ ಹಟ್ಟಿ, ಈಗ ಇರುವ ಮಲ್ಲಿಗೆಯ ದುಪ್ಪಟ್ಟು ಗಿಡ. ಯೂಟ್ಯೂಬಿನಲ್ಲಿ ಎಲ್ಲ ಉಂಟಂತೆ. ಮುಂದಿನ ಶನಿವಾರ ಎಲ್ಲರೂ ಅವರವರ ಪ್ಲ್ಯಾನ್ ಎದ್ದು ನಿಂತು ಹೇಳಬೇಕು. ಅಂಗಳದಲ್ಲಿ ನನ್ನ ಎದುರು ಎರಡು ಸಲ ಹೇಳಿ ಅಭ್ಯಾಸ ಮಾಡಿದ.

"ಹೇಗುಂಟು ಅಕ್ಕ?"

"ಚೆಂದ ಉಂಟು."

ಮೂರು ದನವನ್ನೇ ಕರೆಯಲಾಗದೆ ಹಟ್ಟಿಯಲ್ಲಿ ಕೂತು ಅತ್ತವಳು ನಾನು. ನಿನ್ನೆಯ ಮಾತು ಇದು.

ಜನವರಿ ೨೬, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಬರೆಯಲೇಬೇಕು.

ಸುಕೇಶನ ಸರದಿ ಊಟಕ್ಕೆ ಮೊದಲು ಬಂತು. ಚೆನ್ನಾಗಿಯೇ ಹೇಳಿದ. ಒಬ್ಬಿಬ್ಬರು ಚಪ್ಪಾಳೆಯನ್ನೂ ಹೊಡೆದರು. ಇಮೆಲ್ಡಾ ಎಲ್ಲ ಕೇಳಿ, ಮೆಲ್ಲಗೆ, "ಹಾಲು ಯಾರು ಕರೆಯುವುದು?" ಅಂದರು.

"ಅಕ್ಕ."

"ಹೂ ಕೊಯ್ಯುವುದು?"

"ಅಕ್ಕ. ಅವಳ ಕೈ ಭಾರಿ ಚುರುಕು."

"ಕಟ್ಟುವುದು?"

"ಅಕ್ಕನೇ—" ಎನ್ನುವಾಗ ಹಿಂದಿನಿಂದ ಯಾರೋ ನಕ್ಕರು. ಸುಕೇಶನೂ ನಕ್ಕ. ಇಮೆಲ್ಡಾ ನಗಲಿಲ್ಲ. ನನ್ನ ಕಡೆ ತಿರುಗಿದರು.

"ಅಕ್ಕ ಎಂತ ಹೇಳ್ತಾರೆ?"

ಚೆಂದ ಉಂಟು ಅನ್ನಬೇಕೆಂದೇ ಎದ್ದದ್ದು. ದೇವರಾಣೆ. ಬಾಯಿಯಿಂದ ಬಂದದ್ದು ಬೇರೆ. "ನನ್ನಿಂದ ಆಗುದಿಲ್ಲ. ನನ್ನ ಕೈಯಲ್ಲಿ ಬಲ ಇಲ್ಲ. ಈಗ ಇರುವ ಕೆಲಸವೇ ಆಗುದಿಲ್ಲ."

ಲೊರ್ನಾ ನನ್ನ ಸೆರಗು ಹಿಡಿದು ಮೆಲ್ಲಗೆ ಕೂರಿಸಿದಳು. ಇಮೆಲ್ಡಾ ಬಂದು ನನ್ನ ಎರಡೂ ಕೈ ಹಿಡಿದು ನೋಡಿದರು. ಬಲಗೈಯ ಹೆಬ್ಬೆರಳ ಬುಡ ಸೊರಗಿದೆ ಅಂದರು. "ಇದನ್ನು ಡಾಕ್ಟರಿಗೆ ತೋರಿಸಿ. ಈ ವಾರವೇ."

ಸುಕೇಶ ನನ್ನ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ಬೇರೆ ಸೀಟು. ಬೆಳ್ಮಣ್ ದಾಟಿದ ಮೇಲೆ ಎದ್ದು ಬಂದು ಪಕ್ಕದಲ್ಲಿ ನಿಂತ.

"ಅಷ್ಟು ಜನರ ಎದುರು ಹೇಳ್ಬೇಕಿತ್ತಾ? ಮನೆಯಲ್ಲಿ ಹೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ?"

"ಮನೆಯಲ್ಲಿ ಯಾರೂ ಕೇಳ್ಲಿಲ್ಲ," ಅಂದೆ.

ಪುನಃ ಅವನ ಸೀಟಿಗೆ ಹೋದ.

ಫೆಬ್ರವರಿ ೧

ಟ್ರೈನಿಂಗಿಗೆ ಹೋಗಲಿಲ್ಲ. ಅವನೂ ಇಲ್ಲ. ವಾರವಿಡೀ ಮಾತಿಲ್ಲ. ರೂಮಿನ ಬಾಗಿಲು ಹಾಕಿಯೇ ಇದೆ. ಮೊದಲಿನ ಹಾಗೆಯೇ.

ಡಾಕ್ಟರಲ್ಲಿಗೆ ಹೋಗಿಲ್ಲ. ಹೋದರೆ ಹೇಳಿಬಿಡುತ್ತಾರೆ.

ಫೆಬ್ರವರಿ ೩, ಸೋಮವಾರ

ಬೆಳಿಗ್ಗೆ ಹಟ್ಟಿಗೆ ಹೋದರೆ ಒಳಗೆ ಬೆಳಕು. ಸುಕೇಶ ಬರ್ಮುಡಾ ಚಡ್ಡಿಯಲ್ಲಿ ಕೆಂಪು ದನದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಬಕೆಟಿನಲ್ಲಿ ಒಂದು ಲೋಟದಷ್ಟೂ ಹಾಲಿಲ್ಲ. ಶರ್ಟಿನ ತುಂಬ ಸೆಗಣಿ. ಒದೆ ತಿಂದಾಗಿತ್ತು.

"ದಿನಾ ಹೇಗೆ ಮಾಡ್ತಿ ನೀನು ಇದನ್ನು?" ಅಂದ. ಬೆರಳು ಮಡಚಿ ಬಿಡಿಸುತ್ತಾ ಇದ್ದ. "ನನಗೆ ಐದು ನಿಮಿಷಕ್ಕೇ ಕೈ ಬಿದ್ದುಹೋಯ್ತು."

ನಾನು ದನದ ಬೆನ್ನು ಸವರಿದೆ. ಮಾತಾಡಿದ್ದರೆ ಅಳು ಬರುತ್ತಿತ್ತು.

"ಅಮ್ಮನ ಹಾಗೆ ಆಗ್ತದೆ ಅಂತ ಹೆದರಿಕೆಯಾ?"

ಹೌದೆಂದು ತಲೆ ಆಡಿಸಿದೆ. ಅವ ಬಕೆಟು ಬದಿಗಿಟ್ಟು ಎದ್ದ. "ಗುರುವಾರ ಮಣಿಪಾಲಕ್ಕೆ ಹೋಗುವ. ನಾನು ಬರ್ತೇನೆ. ಎಂತ ಇದ್ರೂ ಒಟ್ಟಿಗೆ ಕೇಳುವ."

ಫೆಬ್ರವರಿ ೬, ಗುರುವಾರ

ಸ್ಟ್ರೋಕ್ ಅಲ್ಲ. ಅಲ್ಲ. ಅಲ್ಲ.

ನರದ ಟೆಸ್ಟ್ ಮಾಡಿದರು. ಸಣ್ಣ ಸಣ್ಣ ಶಾಕ್, ಕೈ ಅದರಷ್ಟಕ್ಕೆ ಹಾರುತ್ತದೆ. ಡಾಕ್ಟರು ಚಿಕ್ಕ ಪ್ರಾಯದ ಹುಡುಗಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ಒಂದೇ ಕೆಲಸ ವರ್ಷಗಟ್ಟಲೆ ಮಾಡಿದ ಕೈಗೆ ಹೀಗಾಗುತ್ತದಂತೆ. ತಲೆಗೂ ಇದಕ್ಕೂ ಸಂಬಂಧವೇ ಇಲ್ಲ. ಮಲಗುವಾಗಲೂ ಕೈಗೆ ಪಟ್ಟಿ ಕಟ್ಟಬೇಕು, ಹಾಲು ಕರೆಯಬಾರದು, ಹೂ ಕಟ್ಟಬಾರದು. ಕಡಿಮೆಯಾಗದಿದ್ದರೆ ಸಣ್ಣ ಆಪರೇಶನ್, ಅದೇ ದಿನ ಮನೆಗೆ.

"ಅಂದ್ರೆ ನಾನು ಮಲಗಿದಲ್ಲೇ ಆಗುದಿಲ್ವಾ?" ಅಂತ ಕೇಳಿದೆ.

"ಮಲಗಿ ಅಂತ ನಾನೇ ಹೇಳ್ಬೇಕು ನಿಮಗೆ," ಅಂದು ನಕ್ಕಳು.

ಹೊರಗೆ ಬಂದು ಕ್ಯಾಂಟೀನಿನಲ್ಲಿ ಕೂತೆವು. ಸುಕೇಶ ಬನ್ಸ್ ತಂದ. ಒಂದು ತಿಂದೆ, ಇನ್ನೊಂದು ತಿಂದೆ, ಆಮೇಲೆ ಅವನ ಪ್ಲೇಟಿನದ್ದೂ ತಿಂದೆ. ಜನ ನೋಡುತ್ತಿದ್ದರು, ಯಾಕೆಂದರೆ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು, ಬಾಯಿ ಅಗಿಯುತ್ತಲೇ ಇತ್ತು. ಸುಕೇಶ ಅತ್ತ ತಿರುಗಿ ಮೂಗು ಒರೆಸಿಕೊಂಡ. ಚಾ ಬಿಸಿ ಅಂತೆ.

ಫೆಬ್ರವರಿ ೯

ನಿನ್ನೆ ಪುನಃ ಕಾರ್ಕಳ. ನಾಚಿಕೆಯಿಂದಲೇ ಹೋದೆವು. ಇಮೆಲ್ಡಾ ಏನೂ ನಡೆಯದ ಹಾಗೆ ಕುರ್ಚಿ ತೋರಿಸಿದರು. ಲೊರ್ನಾ ಮಾತ್ರ ನನ್ನ ಕೈಪಟ್ಟಿ ನೋಡಿ, "ಓಹೋ, ಕ್ರಿಕೆಟಾ ಮಾರಾಯ್ತಿ?" ಅಂದಳು.

ಪ್ಲ್ಯಾನ್ ಹೊಸದಾಗಿ ಮಾಡಿದೆವು. ಈ ಸಲ ಇಮೆಲ್ಡಾ ಕೇಳಿದ್ದು ಏನು ಸೇರಿಸುತ್ತೀರಿ ಅಂತಲ್ಲ, ಏನು ಬಿಡುತ್ತೀರಿ ಅಂತ. ಇಮೆಲ್ಡಾ ಹೇಳಿದ ಹಾಗೆ ತೂಗಿ ನೋಡಿದ್ದೆವಲ್ಲ, ಬಿಳಿ ದನದ ಹಾಲು ಅದರ ಹಿಂಡಿಗೂ ಸಾಲದು. ಅದನ್ನು ಲೊರ್ನಾಳ ಅತ್ತೆ ಕೊಂಡುಹೋಗುತ್ತಾರಂತೆ. ಅವರ ತೋಟದಲ್ಲಿ ಹುಲ್ಲು ಧಾರಾಳ ಉಂಟು, ಅವರಿಗೆ ಗೊಬ್ಬರವೇ ಮುಖ್ಯ. ಹೊಸ ಗಿಡ ಬೇಡ. ಇರುವ ಮಲ್ಲಿಗೆಯ ಬುಡಕ್ಕೆ ದಪ್ಪ ತರಗೆಲೆ, ಹಟ್ಟಿಯ ಹಿಂದೆ ಹುಲ್ಲು.

ಊಟದ ನಂತರ ಸುಕೇಶ ಕಾಣೆ. ಹುಡುಕಿದರೆ, ಇಮೆಲ್ಡಾರ ಗಂಡ ರಾಯ್‌ಸ್ಟನ್ ಮೂಲೆಗೆ ಹಾಕಿದ್ದ ಹಾಲು ಕರೆಯುವ ಹಳೆ ಸಣ್ಣ ಮೆಷಿನನ್ನು ಬಿಚ್ಚಿ ಹರವಿಕೊಂಡು ಕೂತಿದ್ದಾನೆ. ಗ್ರೀಸು ಮೊಣಕೈವರೆಗೆ. "ಇದರ ಪಂಪು ಎಂತ ದೊಡ್ಡ ವಿಷಯ ಅಲ್ಲ ಅಕ್ಕ. ಎಸಿ ಗ್ಯಾಸ್ ತುಂಬಿಸುವ ಮೊದಲು ನಾವು ಪೈಪಿನಿಂದ ಗಾಳಿ ಎಳೆಯುದಿಲ್ವಾ, ಅದೇ ಕೆಲಸ!" ಎರಡು ವರ್ಷದಿಂದ ಯಾರಿಗೂ ರಿಪೇರಿ ಆಗದ್ದು ಸಂಜೆಗೆ ಗರ್ ಅಂದಿತು. ರಾಯ್‌ಸ್ಟನ್ ಬಗ್ಗಿ ನೋಡಿ, "ಇದನ್ನು ನೀವೇ ಕೊಂಡುಹೋಗಿ. ನನ್ನ ಬೋರಿನ ಪಂಪು ಒಮ್ಮೆ ನೋಡಿಕೊಟ್ರೆ ಆಯ್ತು," ಅಂದರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ, ಮಗುವಿನ ಹಾಗೆ. ಈ ಸಲ ಒಂದೇ ಸೀಟು.

ಫೆಬ್ರವರಿ ೧೮

ಕೆಂಪು ದನ ಮೆಷಿನಿಗೆ ಒಗ್ಗಿತು. ಒದೆಯುವುದಿಲ್ಲ, ಮೆಲುಕು ಹಾಕುತ್ತಾ ನಿಲ್ಲುತ್ತದೆ. ನೋಡಿ ಸ್ವಲ್ಪ ಸಿಟ್ಟೇ ಬಂತು.

ಹೂ ಕೊಯ್ಯುವುದು ಸುಕೇಶ, ಕೆಲಸಕ್ಕೆ ಹೊರಡುವ ಮೊದಲು ಕಟ್ಟುವುದು ಭವ್ಯ. ಮೊದಲ ದಿನ ಅವಳು ಕಟ್ಟಿದ ಹೂವಿನ ಚೆಂಡು ರಿಕ್ಷಾದವನ ಕೈಯಲ್ಲೇ ಬಿಚ್ಚಿಹೋಯಿತು. ಇವತ್ತು ಉಳಿಯಿತು. ನಾನು ಪಕ್ಕದಲ್ಲಿ ಕೂತು ಬಾಯಿಯಲ್ಲಿ ಹೇಳಿಕೊಟ್ಟೆ. ಕೈ ತಾನಾಗಿಯೇ ಹೋಗುತ್ತಿತ್ತು, ಭವ್ಯ ಎರಡು ಸಲ ಹೊಡೆದಳು.

ನಿನ್ನೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಮೆಷಿನು ತಂದುಕೊಟ್ಟರು, ಸುಕೇಶಣ್ಣ ನೋಡಲಿ ಅಂತ. ಪುನಃ ಯಾವಾಗ ಹೋಗುದು ಎಂದು ಅವರು ಕೇಳಲಿಲ್ಲ. ಯಾವಾಗ ಸಿಗ್ತದೆ ಎಂದು ಕೇಳಿದರು.

ಮಾರ್ಚ್ ೮

ಟ್ರೈನಿಂಗ್ ಮುಗಿಯಿತು. ಸರ್ಟಿಫಿಕೇಟಿನಲ್ಲಿ ಸುಕೇಶ ನನ್ನ ಹೆಸರನ್ನೇ ಮೊದಲು ಹಾಕಿಸಿದ್ದಾನೆ.

ಬಸ್‌ಸ್ಟ್ಯಾಂಡಿನಲ್ಲಿ ಲೊರ್ನಾ ಕೈ ಬಿಡಲಿಲ್ಲ. "ಇವತ್ತು ನಮ್ಮಲ್ಲಿಗೆ ಬಾ. ಉಳಿ."

"ಬೆಳಿಗ್ಗೆ ದನ—" ಅಂದೆ.

"ದನಕ್ಕೆ ನಾನಿಲ್ವಾ?" ಅಂದ ಸುಕೇಶ. "ಹೋಗು ಅಕ್ಕ. ಹೋಗಿ ಬಾ."

ಬದಲು ಸೀರೆಯೂ ಇಲ್ಲದೆ ಹೊರಟೆ.

ಮಾರ್ಚ್ ೯, ಭಾನುವಾರ, ಹೆಜಮಾಡಿ

ಎಚ್ಚರವಾಗುವಾಗ ಬಿಸಿಲು ಮಂಚದ ಮೇಲೆ ಬಂದಿತ್ತು. ಹಟ್ಟಿಗೆ ತಡವಾಯಿತು ಅಂತ ಗಾಬರಿಯಿಂದ ಎದ್ದೆ. ಆಮೇಲೆ ನೆನಪಾಯಿತು. ಪುನಃ ಮಲಗಿದೆ. ಬೇಕೆಂತಲೇ.

ಸುಕೇಶ ಫೋನ್ ಮಾಡಿದ್ದ. ಹಾಲು ಹೋಯಿತು, ಹೂ ಹೋಯಿತು, ಎಲ್ಲ ಸರಿ ಉಂಟು. "ನಾಳೆ ಬಂದ್ರೂ ಆಗ್ತದೆ." ಸಮುದ್ರ ಇಲ್ಲಿಂದ ಕೇಳಿಸುತ್ತದೆ. ಕೈಯಲ್ಲಿ ಚಾ ಲೋಟ, ಬೆರಳು ಐದೂ ಬೆಚ್ಚಗೆ. ಸಮುದ್ರದಿಂದ ಮೂರು ಮೈಲಿ ದೂರದಲ್ಲೇ ಇದ್ದು ಕಾಲು ನೆನೆಸದೆ ಎಷ್ಟು ವರ್ಷವಾಯಿತೋ. ಈಗ ಲೊರ್ನಾ ಗೇಟಿನಲ್ಲಿ ನಿಂತು ಕರೆಯುತ್ತಿದ್ದಾಳೆ, ನೀರು ಇಳಿದಿದೆಯಂತೆ, ದಂಡೆಯಲ್ಲೇ ಉದ್ದಕ್ಕೆ ನಡೆಯಬಹುದಂತೆ, ಬರೆಯುವುದು ಆಮೇಲೆ ಮಾಡು ಮಾರಾಯ್ತಿ ಅಂತ—