ಕೆಳಬೀದಿಗೆ ಬರಬೇಕಿದ್ದ ಗಾಡಿಯೂ ನಾನು ತಟ್ಟಿದ ಚಪ್ಪಾಳೆಯೂ

ನಗರದ ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ಕೆಳಬೀದಿಯ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ಮಂಜೂರಾಗಿದ್ದ ವಾಹನವನ್ನು ತಾವು ರದ್ದು ಮಾಡಿದ್ದೀರಿ. ಕೆಳಬೀದಿಯವರು ತಮ್ಮ ಏರ್ಪಾಡನ್ನು ತಾವೇ ಸೊಗಸಾಗಿ ಮಾಡಿಕೊಂಡಿದ್ದಾರೆ ಎಂಬುದು ತಾವು ಕೊಟ್ಟ ಕಾರಣ. ನೀರಿಗೆ ಬಿದ್ದವನು ಕೈಕಾಲು ಬಡಿಯುವುದನ್ನು ದಡದಲ್ಲಿ ನಿಂತು ನೋಡಿ, ಆಹಾ ಈತನಿಗೆ ಈಜು ಬರುತ್ತದೆ ಎಂದು ಮೆಚ್ಚಿ, ದೋಣಿಯನ್ನು ವಾಪಸು ಕಳಿಸಿದಂತಾಯಿತು. ಇದನ್ನು ನಾನು ಉಗ್ರವಾಗಿ ಖಂಡಿಸುತ್ತೇನೆ. ಖಂಡಿಸುವ ಯೋಗ್ಯತೆ ನನಗಿದೆಯೇ ಎಂಬುದು ಬೇರೆ ಮಾತು. ಏಕೆಂದರೆ ಈ ರದ್ದತಿಯನ್ನು ತಾವು ವೇದಿಕೆಯಿಂದ ಘೋಷಿಸಿದಾಗ ಇಡೀ ಸಭಾಂಗಣದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ನಾನೊಬ್ಬ ಡ್ರೈವಿಂಗ್ ಮೇಷ್ಟ್ರು. ಔಷಧಿ ಅಂಗಡಿಯ ಮಹಡಿಯ ಮೇಲೊಂದು ಕೋಣೆ, ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಬಿಟ್ಟ ಸಂಚಾರ ಚಿಹ್ನೆಗಳ ಪಟ, ಕೆಳಗೆ ನಿಂತಿರುವ ಒಂದೇ ಒಂದು ಕಾರು. ಇಷ್ಟು ನನ್ನ ಸಂಸ್ಥೆ. ಪಕ್ಕದ ಸೀಟಿನಲ್ಲಿ ಕೂತು, ಬೇರೆಯವರು ಕಷ್ಟಪಟ್ಟು ಓಡಿಸುವ ಗಾಡಿಗೆ ಬ್ರೇಕು ಹಾಕುವುದೇ ನನ್ನ ವೃತ್ತಿ. ಈ ಮಟ್ಟಿಗೆ ತಮಗೂ ನನಗೂ ಹೋಲಿಕೆಯಿದೆ ಎಂದರೆ ತಾವು ಬೇಸರಿಸಬಾರದು.

ಕೆಳಬೀದಿ ಇರುವುದು ರೈಲು ಹಳಿಯ ಆಚೆ, ಇಳಿಜಾರಿನಲ್ಲಿ. ಅಲ್ಲಿನವರ ಮುತ್ತಜ್ಜಂದಿರನ್ನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿಸಲು ದೂರದಿಂದ ಕರೆತಂದಿದ್ದರು. ಕಾರ್ಖಾನೆ ಮುಚ್ಚಿತು, ಜನ ಉಳಿದರು. ಅವರ ಮೈಬಣ್ಣ ನಮ್ಮದಕ್ಕಿಂತ ಕಪ್ಪು, ಮಾತಿನ ಧಾಟಿ ಸ್ವಲ್ಪ ಬೇರೆ. ಅಷ್ಟಕ್ಕೇ ಬಸ್ಸು ಹಳಿಯ ಈಚೆಗೇ ತಿರುಗಿಕೊಳ್ಳುತ್ತದೆ, ಟ್ಯಾಕ್ಸಿಯವರು "ಅಲ್ಲಿ ರಸ್ತೆ ಸರಿಯಿಲ್ಲ" ಅನ್ನುತ್ತಾರೆ. ಆ ರಸ್ತೆ ನಮ್ಮ ಬೀದಿಯ ರಸ್ತೆಗಿಂತ ಎಷ್ಟೋ ವಾಸಿ. ನಾನು ವರ್ಷಗಟ್ಟಲೆ ರಿವರ್ಸ್ ಕಲಿಸಿದ್ದೇ ಅಲ್ಲಿ. ಅಲ್ಲಿನ ಒಂದೊಂದು ಗುಂಡಿಯ ಪರಿಚಯವೂ ನನಗಿತ್ತು. ಒಬ್ಬನೇ ಒಬ್ಬ ಮನುಷ್ಯನ ಪರಿಚಯವಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕೆಳಬೀದಿಯ ಹೆಂಗಸೊಬ್ಬರು ಏದುಸಿರು ಬಿಡುತ್ತ ನನ್ನ ಮಹಡಿ ಹತ್ತಿದರು. ಹಾಸಿಗೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ, ತಲೆಯಲ್ಲಿ ಅರ್ಧಕ್ಕರ್ಧ ನರೆ. ಮುಂದೆ ಇವರು ಹಾರ್ನಿನ ಮೇಲಿಂದ ಕೈ ತೆಗೆಯದ ಕಾರಣ ಎರಡೂ ಬೀದಿಗಳಲ್ಲಿ ಹಾರ್ನಕ್ಕ ಎಂದೇ ಹೆಸರಾದರು.

"ಕಾರು ಕಲೀಬೇಕು ಮೇಷ್ಟ್ರೇ."

"ಈ ವಯಸ್ಸಲ್ಲಾ?" ಎಂದೆ.

"ಯಾಕೆ, ಕಾರು ವಯಸ್ಸು ಕೇಳುತ್ತಾ?"

ವಿಷಯ ಇಷ್ಟು. ಅವರ ನಾದಿನಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಕೆ ಹಳಿ ದಾಟಿ, ಏರು ಹತ್ತಿ ಬಸ್ಸು ಹಿಡಿಯುವಷ್ಟರಲ್ಲಿ ಅರ್ಧ ಜೀವ ಹೋಗುತ್ತಿತ್ತು. ವಾಪಸಾಗುವಾಗ ಉಳಿದರ್ಧ.

"ನೀವು ಹೇಗೂ ದಿನಾ ಊರು ಸುತ್ತಿಸ್ತೀರಲ್ಲ, ಅದನ್ನೇ ಆಸ್ಪತ್ರೆ ಕಡೆ ಸುತ್ತಿಸಿ. ನಾನು ಕಲೀತೀನಿ, ಅವಳು ಹಿಂದೆ ಕೂತಿರ್ತಾಳೆ. ನಿಮ್ಗೇನು ನಷ್ಟ?" ಎಂದರು ಹಾರ್ನಕ್ಕ.

ನನಗೇನೂ ನಷ್ಟವಿರಲಿಲ್ಲ. ಆ ತಿಂಗಳು ಬೇರೆ ಶಿಷ್ಯರೇ ಇರಲಿಲ್ಲವಾದ್ದರಿಂದ ಲಾಭವೇ ಇತ್ತು. ಸಮಾಜಸೇವೆ ನನ್ನ ಜೀವನದೊಳಗೆ ಕಾಲಿಟ್ಟದ್ದು ಹೀಗೆ, ವ್ಯಾಪಾರ ಬಿದ್ದುಹೋಗಿದ್ದ ಬಾಗಿಲಿನಿಂದ. ನಾದಿನಿ ತೊಡೆಯ ಮೇಲೊಂದು ದಿಂಬಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹಾರ್ನಕ್ಕ ಕ್ಲಚ್ಚನ್ನು ದಬಕ್ಕನೆ ಬಿಟ್ಟಾಗಲೆಲ್ಲ ಹಿಂದಿನಿಂದ ಸಣ್ಣ ದನಿಯೊಂದು ಬರುತ್ತಿತ್ತು: "ಅತ್ತಿಗೇ, ಹೋಗಿರೋದು ಕಿಡ್ನಿ. ಬೆನ್ನುಮೂಳೆ ಇನ್ನೂ ಚೆನ್ನಾಗಿದೆ, ಅದೊಂದನ್ನ ಉಳಿಸು."

ಸುದ್ದಿ ಹಬ್ಬಿತು. ಕೆಳಬೀದಿಯ ರೋಗಿಗಳಲ್ಲಿ ಯಾರು ಯಾವಾಗ ಹೋಗಬೇಕು ಎಂಬುದನ್ನು ಹಾರ್ನಕ್ಕ ತಮ್ಮ ಮನೆಯ ಕಿಟಕಿಯಿಂದಲೇ ಕೂಗಿ ತೀರ್ಮಾನಿಸುತ್ತಿದ್ದರು. ನಮ್ಮ ಬೀದಿಯ ಬ್ಯಾಂಕ್ ಗುಮಾಸ್ತರ ಮಗಳು ಕೆಳಬೀದಿಯ ಉಬ್ಬಸದ ಅಜ್ಜನನ್ನು ಕೂರಿಸಿಕೊಂಡು ಗೇರು ಬದಲಿಸುವುದನ್ನು ಕಲಿತಳು. ಅಜ್ಜ ಕೆಮ್ಮಿದಾಗಲೆಲ್ಲ ಅವಳು ಗಾಬರಿಯಿಂದ ಗಾಡಿ ನಿಲ್ಲಿಸುತ್ತಿದ್ದಳು. "ಕೆಮ್ಮು ನಂದು ಕಣವ್ವಾ, ಎಂಜಿನ್ನಿಂದಲ್ಲ" ಎಂದು ಅಜ್ಜ ಸಮಾಧಾನ ಹೇಳುತ್ತಿದ್ದರು. ಹಳಿಯ ಆಚೆಯವರೂ ಈಚೆಯವರೂ ಒಂದೇ ಗಾಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತದ್ದು ನನಗೆ ತಿಳಿದಮಟ್ಟಿಗೆ ಅದೇ ಮೊದಲು.

ಆಸ್ಪತ್ರೆಯ ಕೌಂಟರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ದಿನ ಹಾರ್ನಕ್ಕ ಅಲ್ಲಿ ನಿಂತು, ನಾದಿನಿಗೆ ಹಾಸಿಗೆ ಯಾವಾಗ ಸಿಗುತ್ತದೆ ಎಂದು ಕೇಳಿದರು. "ಕಾಯ್ರಿ" ಎಂಬ ಉತ್ತರ ಬಂತು. ತಾಸು ಕಾದರೂ ಅದೇ ಉತ್ತರ. ಆಗ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡ ನಾನು ಹೋಗಿ ಅದನ್ನೇ ಕೇಳಿದೆ. "ಕೂತ್ಕೊಳ್ಳಿ ಸರ್" ಎಂದು ಕುರ್ಚಿ ಬಂತು, ನಾದಿನಿಗೆ ಹಾಸಿಗೆಯೂ ಸಿಕ್ಕಿತು. ನಾನು ಉಬ್ಬಿಹೋದೆ. ವಾಪಸು ಬರುವಾಗ, "ನೋಡಿದ್ರಾ, ಮಾತಾಡೋ ರೀತಿ ಗೊತ್ತಿರಬೇಕು" ಎಂದು ಪಾಠವನ್ನೂ ಹೇಳಿದೆ.

ಹಾರ್ನಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಾನು ಹೇಳಿದ್ದನ್ನೇ ನೀವೂ ಹೇಳಿದ್ರಿ ಮೇಷ್ಟ್ರೇ. ಅಲ್ಲಿ ನೀವೆಲ್ಲಿ ಮಾತಾಡಿದ್ರಿ? ನಿಮ್ಮ ಮುಖ ಮಾತಾಡ್ತು."

ಮಾನ್ಯರೇ, ತಾವು ಚಿತ್ರಕ್ಕೆ ಬಂದದ್ದು ಇದಾದ ಮೇಲೆ. ಬ್ಯಾನರ್ ಬಂತು, ಫೋಟೋದವರು ಬಂದರು, "ಸಮಾನತೆಗಾಗಿ ಸಮುದಾಯ ಸಹಭಾಗಿತ್ವ" ಎಂಬ ಹೆಸರು ಬಂತು. ಅಧ್ಯಕ್ಷರು ತಾವು, ಸಹಾಧ್ಯಕ್ಷ ನಾನು. ಹಾರ್ನಕ್ಕನಿಗೂ ಒಂದು ಪದವಿ ದೊರೆಯಿತು: ಫಲಾನುಭವಿ. ಮನೆಯಲ್ಲಿ ನನ್ನ ಹೆಂಡತಿ ಕೇಳಿದಳು: "ಅಲ್ರೀ, ಯೋಚನೆ ಅವರದ್ದು, ಓಡಿಸೋರು ಅವರು, ಆಸ್ಪತ್ರೆಗೆ ಹೋಗೋರೂ ಅವರು. ನೀವು ಯಾವುದಕ್ಕೆ ಅಧ್ಯಕ್ಷ?"

"ಸಹಾಧ್ಯಕ್ಷ" ಎಂದು ತಿದ್ದಿದೆ.

ಈ ಸಹಭಾಗಿತ್ವಕ್ಕೆಂದು ತಾವೇ ಗೊತ್ತುಮಾಡಿದ ಪ್ರಶಸ್ತಿಯ ಪ್ರದಾನದ ದಿನ ತಮ್ಮ ತಂಪು ಸಭಾಂಗಣದಲ್ಲಿ ನಾನು ಭಾಷಣ ಮಾಡಿದೆ. ಕನ್ನಡಿ ಮುಂದೆ ವಾರವಿಡೀ ಅಭ್ಯಾಸ ಮಾಡಿದ ಭಾಷಣ. "ಇನ್ನು ಮುಂದೆ ಕೆಳಬೀದಿಗೆ ಯಾರ ಹಂಗೂ ಇಲ್ಲ!" ಎಂದು ಮೇಜು ಗುದ್ದಿ ಮುಗಿಸಿದೆ. ತಾವು ಎದ್ದು ನಿಂತು, ಸಹಾಧ್ಯಕ್ಷರೇ ಹೇಳಿದ ಮೇಲೆ ಇನ್ನೇನು, ಅಲ್ಲಿಗೆ ಕೊಡಬೇಕೆಂದಿದ್ದ ವಾಹನವನ್ನು ನಿಜಕ್ಕೂ ಅಗತ್ಯವಿರುವ ಕಡೆಗೆ ಕಳಿಸುತ್ತೇವೆ ಎಂದಿರಿ. ನಾನು ಚಪ್ಪಾಳೆ ತಟ್ಟಿದೆ. ಮೂರನೇ ಸಾಲಿನಲ್ಲಿ ಕೂತಿದ್ದ ಕೆಳಬೀದಿಯವರು ಮಾತ್ರ ಕೈ ಅಲ್ಲಾಡಿಸಲಿಲ್ಲ. ಪಾಪ, ಅರ್ಥವಾಗಿಲ್ಲ ಎಂದು ನಾನು ಮರುಕಪಟ್ಟೆ.

ಕೆಲವು ವಾರಗಳ ನಂತರ, ನಡುಹಗಲಲ್ಲಿ, ರೈಲು ಗೇಟಿನ ಹತ್ತಿರ ನನ್ನ ಕಾರಿನ ಕ್ಲಚ್ಚು ಸುಟ್ಟುಹೋಯಿತು. ಸ್ಟಿಯರಿಂಗಿನಲ್ಲಿ ಹಾರ್ನಕ್ಕ, ಹಿಂದೆ ನಾದಿನಿ. ನಾನು ಟ್ಯಾಕ್ಸಿಗಳಿಗೆ ಕೈ ಅಡ್ಡ ಹಿಡಿದೆ. ಒಂದು ನಿಧಾನಿಸಿತು. ಹಿಂದಿನ ಸೀಟಿನಲ್ಲಿದ್ದವರ ಮುಖ ಕಂಡದ್ದೇ ಮುಂದಕ್ಕೆ ಹೋಯಿತು. ತಮ್ಮ ಕಚೇರಿಗೆ ಫೋನ್ ಮಾಡಿದೆ.

"ನಿಮ್ದು ಸ್ವಾವಲಂಬಿ ಬಡಾವಣೆ ಅಂತ ತೋರಿಸ್ತಿದೆ ಸರ್" ಎಂದಿತು ಅತ್ತಲಿನ ದನಿ. "ನಮ್ಮ ಗಾಡಿ ಆ ಕಡೆ ಇಲ್ಲ. ನೀವು ಅಲ್ಲಿನ ಸಹಾಧ್ಯಕ್ಷರನ್ನ ಸಂಪರ್ಕಿಸಿ."

"ನಾನೇ ಕಣಪ್ಪಾ ಸಹಾಧ್ಯಕ್ಷ!"

"ಹಾಗಾದ್ರೆ ಅನುಕೂಲವೇ ಆಯ್ತಲ್ಲ ಸರ್."

ಆ ದಿನದ ಡಯಾಲಿಸಿಸ್ ತಪ್ಪಿತು. ಕಾರು ಗ್ಯಾರೇಜಿನಿಂದ ಬರಲಿಲ್ಲವಾದ್ದರಿಂದ ಮುಂದಿನದೂ ತಪ್ಪಿತು. ನಾದಿನಿಯ ಪಾದಗಳು ಊದಿಕೊಂಡವು, ಶ್ವಾಸಕೋಶದಲ್ಲಿ ನೀರು ತುಂಬಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಹಾರ್ನಕ್ಕ ತಮ್ಮ ಕಾರ್ಖಾನೆಯಿಂದ ಹಾಸಿಗೆ ಸಾಗಿಸುವ ಲಾರಿಯನ್ನು ಕಾಡಿಬೇಡಿ ತಂದರು. ಹೊಸ ಹಾಸಿಗೆಗಳ ನಡುವೆ, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಆಕೆಯನ್ನು ಒರಗಿಸಿ ಕೂರಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಆಕೆಯ ಕೈ ನನ್ನ ಅಂಗಿಯ ತೋಳನ್ನು ಹಿಡಿದಿತ್ತು.

ಆಕೆ ಬದುಕಿದರು. ತುರ್ತು ಘಟಕದ ವೈದ್ಯರ ಪ್ರಕಾರ ಇನ್ನು ಸ್ವಲ್ಪ ತಡವಾಗಿದ್ದರೆ ಇಲ್ಲ. ಆದರೆ ಹೃದಯಕ್ಕೆ ಪೆಟ್ಟು ಬಿದ್ದಿದೆ. ಈಗ ಮನೆಯೊಳಗೆ ನಾಲ್ಕು ಹೆಜ್ಜೆ ಇಡಲೂ ಗೋಡೆ ಹಿಡಿಯುತ್ತಾರೆ, ತಮಾಷೆ ಮಾಡುವಷ್ಟು ಉಸಿರು ಅವರಲ್ಲಿ ಉಳಿದಿಲ್ಲ.

ಅಂದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಹಾರ್ನಕ್ಕನಿಗೆ, "ನಂದು ತಪ್ಪಾಯ್ತು" ಎಂದೆ.

"ನಿಮ್ಮ ತಪ್ಪಾಯ್ತು ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. "ಅದಕ್ಕೇನು ಚಕ್ರ ಇದೆಯಾ? ಗಾಡಿ ಕೇಳಿ ಪತ್ರ ಬರೀರಿ. ಕಳ್ಸೋಕೆ ಮುಂಚೆ ನಮಗೆ ಓದಿ ಹೇಳಿ."

ಮಾನ್ಯರೇ, ಸಹಭಾಗಿತ್ವ ಎಂಬ ಪದಕ್ಕೆ ತಮ್ಮ ಕಚೇರಿಯಲ್ಲಿ ಯಾವ ಅರ್ಥವಿದೆಯೋ ತಿಳಿಯದು. ಇಬ್ಬರು ಮಂಚ ಹೊರುವಾಗ ಒಬ್ಬ, "ಭೇಷ್, ಚೆನ್ನಾಗಿ ಹೊರ್ತಾ ಇದ್ದೀಯ" ಎಂದು ಕೈಬಿಟ್ಟರೆ ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ, ಪತ್ರದಲ್ಲಿ ಬರೆಯುವಂಥದ್ದಲ್ಲ. ಬಡವರು ಒಬ್ಬರಿಗೊಬ್ಬರು ಆಸರೆಯಾದರೆ ಅದು ತಮ್ಮ ಹೊಣೆಗೆ ರಜೆ ಹೇಗಾದೀತು? ನಮ್ಮ ಬೀದಿಯವರೂ ಪರಸ್ಪರ ನೆರವಾಗುತ್ತೇವೆ; ಹಾಗೆಂದು ನಮ್ಮ ಬಸ್ಸನ್ನು ಯಾವತ್ತಾದರೂ ನಿಲ್ಲಿಸಿದ್ದೀರಾ?

ಆದ್ದರಿಂದ ಕೇಳುತ್ತಿದ್ದೇವೆ. ಆ ವಾಹನವನ್ನು ಕೆಳಬೀದಿಗೆ ಮತ್ತೆ ಮಂಜೂರು ಮಾಡಿ. ಅದು ಹಳಿ ದಾಟಬೇಕು, ಮನೆ ಬಾಗಿಲಿಗೆ ಬರಬೇಕು. ಯಾವ ಹೊತ್ತಿಗೆ ಯಾರ ಮನೆಗೆ ಎಂಬುದನ್ನು ಕೆಳಬೀದಿಯವರೇ ನಿರ್ಧರಿಸಲಿ. ಸಹಭಾಗಿತ್ವದ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಅವರದಾಗಲಿ. ಸಭೆಗಳು ಅವರ ಬೀದಿಯಲ್ಲಿ, ಅವರ ಪಾಳಿ ಮುಗಿದ ಮೇಲೆ ನಡೆಯಲಿ. ಕೌಂಟರಿನಲ್ಲಿ ಪೆನ್ನಿಲ್ಲದವರಿಗೂ ಕುರ್ಚಿ ಸಿಗಲಿ. ಸಹಾಧ್ಯಕ್ಷ ಪದವಿಗೆ ನಾನು ರಾಜೀನಾಮೆ ಕೊಟ್ಟಿದ್ದೇನೆ. ಮನೆಯಲ್ಲಿ ಯಾರೂ ತಡೆಯಲಿಲ್ಲ.

ಬರುವ ಸೋಮವಾರ ಕೆಳಬೀದಿಯವರೆಲ್ಲ ತಮ್ಮ ಕಚೇರಿಗೆ ಬರುತ್ತಿದ್ದಾರೆ. ಮಾತಾಡುವವರು ಹಾರ್ನಕ್ಕ. ನಾನೂ ಜೊತೆಗಿರುತ್ತೇನೆ, ಆದರೆ ಒಳಗೆ ಬರುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಹುಡುಕುವ ಜವಾಬ್ದಾರಿಯನ್ನು ನನಗೆ ವಹಿಸಲಾಗಿದೆ.

ಇಂತಿ,
ಹೊಗಳಿಕೊಂಡ ಸಾಲುಗಳನ್ನೆಲ್ಲ ಕೆಳಬೀದಿಯವರು ಹೊಡೆದುಹಾಕಿದ ಮೇಲೆ ಉಳಿದಷ್ಟು,
ಡ್ರೈವಿಂಗ್ ಮೇಷ್ಟ್ರು