ಒಪ್ಪಿಗೆ ಪತ್ರದ ಎರಡನೇ ಹಾಳೆ

ಏಪ್ರಿಲ್ 8, ಮಧ್ಯಾಹ್ನ, ಊಟದ ಬಿಡುವು

ದಿಂಬಿನ ಕವರೇ ಇನ್ನೂರ ಮೂವತ್ತು ಇವತ್ತು. ನನ್ನ ಇಸ್ತ್ರಿಪೆಟ್ಟಿಗೆ ಮತ್ತೆ ಕೆಟ್ಟಿದೆ, ಹಬೆ ಬಿಡುವ ಬದಲು ನೀರು ಉಗುಳುತ್ತಿದೆ. ಕಲೆಯಾದರೆ ನನ್ನ ತಲೆಗೇ ಬರುತ್ತದೆ. ಈ ಹೋಟೆಲಿನ ಲಾಂಡ್ರಿಯಲ್ಲಿ ಒಂಬತ್ತು ವರ್ಷವಾಯಿತು, ಇನ್ನೂ ಸೂಪರ್‌ವೈಸರ್ ಕೆಮ್ಮಿದರೆ ಎದೆ ಡವಡವ ಅನ್ನುತ್ತದೆ.

ನಾಳೆ ರಜೆ. ಮಗಳ ಜನನ ಪತ್ರವನ್ನು ಟ್ರಾನ್ಸ್‌ಲೇಷನ್‌ಗೆ ಕೊಡಬೇಕು. ಹದಿನೆಂಟು ತುಂಬುವ ಮೊದಲು ಅರ್ಜಿ ಹಾಕಿದರೆ ಮಾತ್ರ ಮಕ್ಕಳನ್ನು ಊರಿನಿಂದ ಈ ದೇಶಕ್ಕೆ ಕರೆಸಿಕೊಳ್ಳಬಹುದಂತೆ. ಮಗಳಿಗೆ, ನಮ್ಮ ಕಡ್ಡಿಗೆ, ಈಗ ಹದಿನಾರೂವರೆ. ಇನ್ನೂ ಹತ್ತೊಂಬತ್ತು ತಿಂಗಳಿದೆ. ಆದರೂ ಭಯ. ಪತ್ರ ಕಳೆದುಹೋದರೆ? ಮಳೆಯಲ್ಲಿ ನೆನೆದರೆ? ಪ್ಲಾಸ್ಟಿಕ್ ಕವರಿಗೆ ಇನ್ನೊಂದು ಕವರು ಹಾಕಿದೆ.

ಪಾತ್ರೆಯಕ್ಕ ನೋಡಿ ನಕ್ಕಳು. ನನ್ನ ರೂಮಿನಲ್ಲೇ ಇರುವವಳು, ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. “ಹೆದರೋದಕ್ಕೆ ನಿನಗೇನು ಬೇರೆ ಸಂಬಳ ಕೊಡ್ತಾರೇನೇ?” ಅಂದಳು.

ಏಪ್ರಿಲ್ 9, ಸಂಜೆ 4

ಬರೆದರೆ ಭಯ ಸ್ವಲ್ಪ ಕಮ್ಮಿಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸೀಲ್ ಮೇಷ್ಟ್ರ ರೂಮು ಚಪ್ಪಲಿ ರಿಪೇರಿ ಅಂಗಡಿಯ ಮೇಲೆ. ಮೆಟ್ಟಿಲು ಪೂರ್ತಿ ಅಂಟಿನ ವಾಸನೆ. ನಮ್ಮ ಭಾಷೆ ಬಲ್ಲ, ಸರ್ಕಾರದ ಸೀಲ್ ಇರುವ ಅನುವಾದಕರು ಈ ಊರಿಗೆಲ್ಲ ಅವರೊಬ್ಬರೇ. ಹಿಂದೆ ಟೈಪಿಂಗ್ ಕಲಿಸುತ್ತಿದ್ದರಂತೆ. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದುತ್ತಾರೆ.

“ಹುಟ್ಟಿದ ತಾರೀಕು ಜೂನ್ ಒಂದು,” ಅಂದರು.

“ಇಲ್ಲ ಮೇಷ್ಟ್ರೇ, ನವೆಂಬರ್.”

“ಪತ್ರದಲ್ಲಿ ಜೂನ್ ಒಂದೇ ಇರೋದು ತಾಯಿ. ಈ ಇಸವಿ ಪ್ರಕಾರ ಬರೋ ಜೂನ್ ಒಂದಕ್ಕೆ ಹದಿನೆಂಟು ತುಂಬುತ್ತೆ.”

ಎಲ್ಲ ನೆನಪಾಯಿತು. ಬರೆಸಿದವಳೇ ನಾನು! ಕಡ್ಡಿಯ ಅಪ್ಪ ತೀರಿಕೊಂಡ ವರ್ಷ. ನಾನು ಕೂಲಿಗೆ ಹೋಗಬೇಕು, ಮಗುವನ್ನು ನೋಡಿಕೊಳ್ಳುವವರಿಲ್ಲ. ನಾಲ್ಕೂವರೆ ವರ್ಷದ ಕೂಸನ್ನು ಎತ್ತಿಕೊಂಡು ಶಾಲೆಗೆ ಹೋದೆ. ಆರು ತುಂಬದೆ ಸೇರಿಸಿಕೊಳ್ಳುವುದಿಲ್ಲ ಅಂದರು ಹೆಡ್‌ಮೇಷ್ಟ್ರು. ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವರೇ, “ಆರು ಅಂತ ಬರ್ಕೋತೀನಿ, ಹೋಗಮ್ಮ. ತಾರೀಕು ಜೂನ್ ಒಂದು, ಎಲ್ಲರಿಗೂ ಅದೇ,” ಅಂದರು. ಅವಳು ಮನೆಯಲ್ಲಿ ಹುಟ್ಟಿದವಳು, ಬೇರೆ ದಾಖಲೆ ಇರಲಿಲ್ಲ. ಮುಂದೆ ಜನನ ಪತ್ರ ಮಾಡಿಸಿದ್ದೂ ಆ ಶಾಲೆಯ ಕಾಗದದ ಮೇಲೆಯೇ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಮೂರು ಸಲ ಬಿಟ್ಟು ಮೂರು ಸಲ ಸೇರಿ. ಪತ್ರ ಕೈಗೆ ಬಂದಾಗ ಸೀಲ್ ಇದೆಯಾ ಅಂತ ನೋಡಿದ್ದೆ, ಅಷ್ಟೇ.

“ನಿಜವಾದ ವಯಸ್ಸು ನೀವೇ ಒಂದು ಸಾಲು ಸೇರಿಸಿ ಮೇಷ್ಟ್ರೇ...”

“ನನ್ನ ಕೆಲಸದಲ್ಲಿ ಬೇಕಾದ್ದು ಸೇರಿಸೋ ಹಾಗಿಲ್ಲ, ಬೇಡದ್ದು ಬಿಡೋ ಹಾಗಿಲ್ಲ. ಇದ್ದದ್ದು ಇದ್ದ ಹಾಗೆ.” ಆಮೇಲೆ ಪಾಪ ಅನ್ನಿಸಿರಬೇಕು. “ನಮ್ಮ ಕಡೆ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿರ್ತಾರೆ ತಾಯಿ. ನನ್ನದೂ ಅವತ್ತೇ,” ಅಂದರು.

ಮೂರು ಕಾಗದ ಬೇಕಂತೆ. ಮಗಳ ಜನನ ಪತ್ರ. ಅವಳ ಅಪ್ಪನ ಮರಣ ಪತ್ರ. ಊರಿನಲ್ಲಿ ಅವಳನ್ನು ಸಾಕುತ್ತಿರುವ ನನ್ನ ಅಕ್ಕನ ಒಪ್ಪಿಗೆ ಪತ್ರ. ನಾನು ಇಲ್ಲಿಗೆ ಬರುವಾಗ ಕಡ್ಡಿಯ ಪೋಷಕಿ ಅಂತ ಸ್ಟಾಂಪ್ ಪೇಪರಿನಲ್ಲಿ ಅಕ್ಕನ ಹೆಸರು ಬರೆಸಿದ್ದೆವಲ್ಲ, ಅದಕ್ಕೆ. ಅವಳ ಕೈಬರಹದ್ದೇ ಆಗಬೇಕು, ಅಂಚೆಯಲ್ಲಿ ಅಸಲೇ ಬರಬೇಕು.

ಹತ್ತೊಂಬತ್ತು ತಿಂಗಳು ಹೋಗಿ ಐವತ್ತೆರಡು ದಿನ.

ಏಪ್ರಿಲ್ 10, ಬೆಳಗ್ಗೆ 5:30

ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಹೊಲಿಗೆ ಮಿಷನ್ ಓಡುತ್ತಿತ್ತು. ವಿಷಯ ಹೇಳಿದ ಕೂಡಲೇ ನಿಂತಿತು.

“ಇನ್ನೂ ಒಂದೂವರೆ ವರ್ಷ ಇದೆ ಅಂದಿದ್ದೆಯಲ್ಲೇ.”

“ಕಾಗದದಲ್ಲಿ ಇಲ್ಲ ಅಕ್ಕ. ತಪ್ಪಾಯ್ತು.”

“ಸರಿ. ಬರೀತೀನಿ. ನೋಡೋಣ.”

ನೋಡೋಣ ಅಂದರೆ ಏನು? ಅಕ್ಕ ಯಾವತ್ತೂ ನೋಡೋಣ ಅನ್ನುವವಳಲ್ಲ. ಆಗುತ್ತೆ, ಆಗಲ್ಲ — ಎರಡೇ ಅವಳ ಮಾತು.

ಏಪ್ರಿಲ್ 21

ಮರಣ ಪತ್ರದ ಅನುವಾದ ಸಿಕ್ಕಿತು. ಒಂದೇ ಪುಟ. ಇಲ್ಲಿಯ ಭಾಷೆಯಲ್ಲಿ ಅವರ ಹೆಸರು ನನಗೇ ಗುರುತು ಸಿಗಲಿಲ್ಲ. ಬೆರಳಿಟ್ಟು ಕೇಳಿದೆ, ಇದೇನಾ? ಇದೇ ಅಂದರು ಮೇಷ್ಟ್ರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅವರು ಇದ್ದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಬರೀ ಹಾಳೆ, ಆದರೂ ಅವರಿಗೆ ಅಂತ ಕಿಟಕಿ ಪಕ್ಕದ ಸೀಟು ಹಿಡಿದೆ.

ಮೇ 4, ಸಂಜೆ

ಅಕ್ಕನ ಪತ್ರ ಬಂದಿಲ್ಲ. ಕೇಳಿದರೆ, “ಸೀಸನ್ ಕಣೇ, ಬ್ಲೌಸ್ ರಾಶಿ ಬಿದ್ದಿದೆ.” ಒಂದು ಹಾಳೆ ಬರೆಯಲು ಎಷ್ಟು ಹೊತ್ತು ಬೇಕು? ಹಾಗಂತ ಬಾಯಿಬಿಟ್ಟು ಅನ್ನಲು ನನಗೇನು ಮುಖವಿದೆ? ಒಂಬತ್ತು ವರ್ಷ ಅವಳು ನನ್ನನ್ನು ಒಂದು ಮಾತು ಕೇಳಲಿಲ್ಲ. ಮಕ್ಕಳಿಲ್ಲದವಳು. ಕೊಟ್ಟವಳೂ ನಾನೇ, ಕಿತ್ತುಕೊಳ್ಳುವವಳೂ ನಾನೇ.

ಕಡ್ಡಿ ಫೋನ್ ಕಸಿದುಕೊಂಡಳು. ದನಿ ಎಷ್ಟು ದಪ್ಪವಾಗಿದೆ!

“ಅಮ್ಮಾ, ಅಲ್ಲಿ ನನಗೇ ಅಂತ ಬೇರೆ ಮಂಚ ಇರುತ್ತಾ?”

“ಇರುತ್ತೆ ಕಂದ. ತಂದಾಯ್ತು.” ತಂದಿರಲಿಲ್ಲ.

“ದೊಡ್ಡಮ್ಮನೂ ಬರ್ತಾರಾ?”

ನೆಟ್‌ವರ್ಕ್ ಸರಿಯಿಲ್ಲ, ಕೇಳುತ್ತಿಲ್ಲ ಅಂದೆ. ಚೆನ್ನಾಗಿಯೇ ಕೇಳುತ್ತಿತ್ತು.

ಮೇ 10

ಹೋಟೆಲಿನವರು ಎಸೆಯಲು ಇಟ್ಟಿದ್ದ ಮಂಚ ಒಂದನ್ನು ಬೇಡಿ ತಂದೆ. ಒಂದು ಕಾಲು ಗಿಡ್ಡ. ಅದರ ಕೆಳಗೆ ರಟ್ಟು ಮಡಿಸಿಟ್ಟು ಸರಿ ಮಾಡಿದ್ದು ಪಾತ್ರೆಯಕ್ಕ. ಆಮೇಲೆ ಅದರ ಮೇಲೆ ಕುಣಿದು ತೋರಿಸಿದಳು. “ನನ್ನನ್ನೇ ತಡೀತು, ನಿನ್ನ ಕಡ್ಡಿ ಯಾವ ಲೆಕ್ಕ!” ಮಗಳು ಬಂದರೆ ಮೂವರು ಮಲಗಲು ಜಾಗ ಸಾಲದು, ತಾನು ಕೆಳಗಿನ ಮಹಡಿಯ ರೂಮಿಗೆ ಹೋಗುತ್ತೇನೆ ಅಂದಿದ್ದಾಳೆ. ನಾನು ಕೇಳುವ ಮೊದಲೇ.

ಮೇ 19

ಇಲ್ಲ.

ಮೇ 22

ಇಲ್ಲ. ಕೆಳಗಿನ ಅಂಚೆ ಡಬ್ಬಿಯನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತೇನೆ. ಕಟ್ಟಡದ ವಾಚ್‌ಮ್ಯಾನ್‌ಗೆ ನನ್ನ ಮೇಲೆ ಅನುಮಾನ ಬಂದಿದೆ. ಇವತ್ತು ಒಂದು ಮೇಜುಬಟ್ಟೆ ಸುಟ್ಟೆ. ಒಂಬತ್ತು ವರ್ಷದಲ್ಲಿ ಮೊದಲ ಸಲ.

ಮೇ 26, ಬೆಳಗ್ಗೆ 11

ಬಂತು!! ಲಕೋಟೆ ದಪ್ಪಗಿದೆ. ಅಂಟಿನ ಮೇಲೆ ಹೊಲಿಗೆ ದಾರದಿಂದಲೂ ಹೊಲಿದಿದ್ದಾಳೆ. ಬಿಚ್ಚಿದರೆ ಹರಿದೀತು ಅಂತ ಭಯ. ಮೇಷ್ಟ್ರೇ ಬಿಚ್ಚಲಿ.

ಮೇ 27, ಸಂಜೆ 6

ಒಂದು ಹಾಳೆ ಅಂದುಕೊಂಡಿದ್ದೆ. ಎರಡು.

ಮೊದಲ ಹಾಳೆ ಸರಿ ಇದೆ — “ನನ್ನ ತಂಗಿಯ ಮಗಳನ್ನು ಅವಳ ತಾಯಿಯ ಬಳಿ ಕಳಿಸಲು ನನ್ನದು ಏನೂ ಅಡ್ಡಿ ಇಲ್ಲ.” ಹೆಸರು, ವಿಳಾಸ, ಸಹಿ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ?

ಎರಡನೇ ಹಾಳೆಯನ್ನು ಮೇಷ್ಟ್ರು ಜೋರಾಗಿ ಓದಿದರು. ಸ್ಕೇಲ್ ಒಂದೊಂದೇ ಸಾಲು ಇಳಿಯುತ್ತಿತ್ತು.

“ಸಾಹೇಬರೇ, ಅಡ್ಡಿ ಇಲ್ಲ ಅಂತ ಬರೆಯಬೇಕು ಎಂದರು, ಬರೆದಿದ್ದೇನೆ. ಹುಡುಗಿಯ ವಿಷಯ ಅವಳ ತಾಯಿಗೆ ಗೊತ್ತಿರುವುದು ಕಮ್ಮಿ, ಅದಕ್ಕೆ ನಿಮಗೆ ಬರೆಯುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಮಾತಾಡಿಸಬಾರದು, ಮುಖ ತೊಳೆದ ಮೇಲೆ ಸರಿಹೋಗುತ್ತಾಳೆ. ಹಾಲಿನಲ್ಲಿ ಕೆನೆ ಇದ್ದರೆ ಮುಟ್ಟಳು. ಸಿಟ್ಟು ಬಂದರೆ ಮನೆಯ ಬಟ್ಟೆಯೆಲ್ಲ ಮಡಿಸಲು ಕೂರುತ್ತಾಳೆ, ಮಡಿಸಿಯಾದ ಮೇಲೆ ತಾನಾಗಿಯೇ ಮಾತಾಡುತ್ತಾಳೆ. ಮಲಗುವುದು ಬಾಗಿಲ ಕಡೆ ಮುಖ ಮಾಡಿ. ತಾಯಿ ಹೋದ ದಿನದಿಂದ ಅದೇ ಅಭ್ಯಾಸ. ನಾನು ಎಷ್ಟು ಸಲ ಈ ಕಡೆ ತಿರುಗಿಸಿದರೂ ಬೆಳಗ್ಗೆ ನೋಡಿದರೆ ಆ ಕಡೆಗೇ ಇರುತ್ತಾಳೆ.”

ಮೇಷ್ಟ್ರು ಕನ್ನಡಕ ತೆಗೆದರು. ನಾನು ಅತ್ತೆನೋ ಏನೋ. ಆದರೆ ಅಳುತ್ತಲೇ ತಲೆ ಓಡುತ್ತಿತ್ತು. ಬರೆಯಬೇಕು ಎಂದರು, ಬರೆದಿದ್ದೇನೆ! ಈ ಸಾಲು ಓದಿದರೆ ಆಫೀಸಿನವರು ಏನಂದುಕೊಳ್ಳುತ್ತಾರೆ? ಹೆದರಿಸಿ ಬರೆಸಿದ್ದಾರೆ ಅಂತ ಅರ್ಜಿ ಬಿಸಾಡುತ್ತಾರೆ. ಇನ್ನೊಂದು ಪತ್ರ ತರಿಸಲು ದಿನವೆಲ್ಲಿದೆ?

“ಎರಡನೇದು ಬೇಡ ಮೇಷ್ಟ್ರೇ. ಮೊದಲನೇ ಹಾಳೆ ಸಾಕು. ಸಹಿ ಅದರಲ್ಲೇ ಇದೆಯಲ್ಲ.”

“ಎರಡು ಹಾಳೆ ಬಂದಿದ್ದರೆ ಎರಡೂ. ಕೆಳಗೆ ನಾನು ‘ಮೂಲದಲ್ಲಿ ಇರುವಂತೆ’ ಅಂತ ಸೀಲ್ ಹಾಕೋನು.”

“ನಾನು ಒಂದೇ ಹಾಳೆ ತಂದಿದ್ದರೆ?”

“ತಂದಿದ್ದು ಎರಡು ತಾಯಿ. ನಾಳೆ ಸಂಜೆಯೊಳಗೆ ರೆಡಿ ಮಾಡ್ತೀನಿ.”

ಸಿಟ್ಟು ಬಂತು. ಅವರ ಮೇಲಲ್ಲ. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಮೇ 28, ಬೆಳಗ್ಗೆ 5:30

“ಆ ಸಾಲು ಯಾಕಕ್ಕ ಬರೆದೆ? ಎಲ್ಲ ಹಾಳಾದರೆ?”

ಫೋನಿನಲ್ಲಿ ಇವತ್ತು ಮಿಷನ್ ಸದ್ದಿಲ್ಲ.

“ನಾಲ್ಕು ಸಲ ಬರೆದು ಹರಿದೆ ಕಣೇ. ಅಡ್ಡಿ ಇಲ್ಲ ಅಂತ ಬರೆದು ಸುಮ್ಮನಾಗೋಕೆ ಕೈ ಬರಲಿಲ್ಲ. ನಾಲ್ಕು ವರ್ಷದ ಮಗೂಗೆ ಆರು ಅಂತ ಬರೆಸಿ ಬಂದವಳು ನೀನು. ನನಗೆ ಅಷ್ಟು ಧೈರ್ಯ ಇಲ್ಲ.”

ಚುಚ್ಚಿದಳು. ಚುಚ್ಚಲಿ, ಅವಳ ಹಕ್ಕು.

“ಕಳಿಸೋಕೆ ಇಷ್ಟ ಇಲ್ವಾ ಹಾಗಾದರೆ?”

“ಕಳಿಸ್ತೀನಿ ಅಂತ ಸಹಿ ಹಾಕಿದೀನಲ್ಲ. ಇಷ್ಟ ಅಂತ ಎಲ್ಲಿ ಹಾಕಿದೀನಿ?” ಅಂದಳು. ಆಮೇಲೆ, “ಅವಳಿಗೆ ಈ ಸಲ ಎರಡು ಲಂಗ ದೊಡ್ಡದಾಗೇ ಹೊಲೀತಿದೀನಿ. ಅಲ್ಲಿ ಯಾರಿಗೆ ಅಳತೆ ಗೊತ್ತು?” ಅಂದಳು.

ಮೇ 29, ಮಧ್ಯಾಹ್ನ 3

ಕೊಟ್ಟೆ. ಎರಡೂ ಹಾಳೆ ಕೊಟ್ಟೆ.

ಸುಳ್ಳು ಯಾಕೆ ಹೇಳಲಿ, ಬಸ್ಸಿನಲ್ಲಿ ಎರಡನೇ ಹಾಳೆಯನ್ನು ಪಿನ್ನಿನಿಂದ ಬಿಡಿಸಿ ಚೀಲದೊಳಗೆ ಹಾಕಿದ್ದೆ. ಮೂಲದ್ದೂ, ಅನುವಾದದ್ದೂ. ಆಫೀಸಿನ ಕ್ಯೂನಲ್ಲಿ ನನ್ನದು ನಲವತ್ತೊಂದನೇ ನಂಬರು. ಮೂವತ್ತೆಂಟು ಕೂಗುವವರೆಗೂ ಚೀಲದಲ್ಲೇ ಇತ್ತು. ಬಾಗಿಲ ಕಡೆ ಮುಖ ಮಾಡಿ ಮಲಗುತ್ತಾಳೆ — ಅದನ್ನು ಚೀಲದಲ್ಲಿ ಮಡಿಸಿಟ್ಟುಕೊಂಡು ಅವಳನ್ನು ಕರೆಸಿಕೊಳ್ಳುವುದೇ? ಒಂದು ಸಲ ಕಾಗದದಲ್ಲಿ ಸುಳ್ಳು ಬರೆಸಿ ಅನುಭವಿಸಿದ್ದು ಸಾಕು. ತೆಗೆದು ಮತ್ತೆ ಪಿನ್ ಹಾಕಿದೆ. ಬೆರಳಿಗೆ ಚುಚ್ಚಿತು.

ಕೌಂಟರಿನ ಹೆಂಗಸು ಎಲ್ಲ ಓದಿದಳು. ಎರಡನೇ ಹಾಳೆಯನ್ನು ಎರಡು ಸಲ. ಆ ಸಾಲಿಗೆ ಪೆನ್ನಿಟ್ಟು ಕೇಳಿದಳು, ಇವರನ್ನು ಯಾರಾದರೂ ಬಲವಂತ ಮಾಡಿದ್ದಾರಾ?

ನನಗೆ ಬರುವ ಮುರುಕು ಮಾತಿನಲ್ಲಿ ಹೇಳಿದೆ. ಒಪ್ಪಿದ್ದಾಳೆ. ಸಂತೋಷ ಇಲ್ಲ.

ನನ್ನನ್ನೇ ನೋಡಿದಳು. ಸಂತೋಷಕ್ಕೆ ಫಾರಂನಲ್ಲಿ ಕಾಲಂ ಇಲ್ಲ ಅಂದಳು. ಠಪ್ ಅಂತ ಸೀಲ್ ಹೊಡೆದು ರಸೀದಿ ಕೊಟ್ಟಳು.

ಜೂನ್ 1

ಕಾಗದದ ಪ್ರಕಾರ ಇವತ್ತು ನನ್ನ ಮಗಳಿಗೆ ಹದಿನೆಂಟು ತುಂಬಿತು. ಮೇಷ್ಟ್ರಿಗೆ ಫೋನ್ ಮಾಡಿ ಹ್ಯಾಪಿ ಬರ್ತ್‌ಡೇ ಅಂದೆ. ಬಹಳ ನಕ್ಕರು. “ನನ್ನ ತಾಯಿ ಪ್ರಕಾರ ನಾನು ಹುಟ್ಟಿದ್ದು ಚಳಿಗಾಲದಲ್ಲಿ,” ಅಂದರು.

ಜುಲೈ 17

ಪರ್ಮಿಷನ್ ಬಂತು. ಪಾತ್ರೆಯಕ್ಕ ಇಲ್ಲಿಯ ಭಾಷೆ ಬಲ್ಲವರ ಹತ್ತಿರ ಮೂರು ಸಲ ಓದಿಸಿಕೊಂಡು ಬಂದಳು. ಮೂರೂ ಸಲ ಅದೇ. ನನಗೆ ಇನ್ನೂ ನಂಬಿಕೆಯಿಲ್ಲ.

ಅಕ್ಕನಿಗೆ ಹೇಳಿದಾಗ “ಒಳ್ಳೇದಾಯ್ತು” ಅಂದಳು. ತಕ್ಷಣ ಮಿಷನ್ ಓಡಲು ಶುರುವಾಯಿತು. ಫೋನ್ ಇಟ್ಟಿರಲಿಲ್ಲ, ಸುಮ್ಮನೆ ತುಳಿಯುತ್ತಿದ್ದಳು. ನಾನೂ ಇಡಲಿಲ್ಲ.

ಆಗಸ್ಟ್ 2, ಸಂಜೆ

ನಾಳೆ ಬೆಳಗ್ಗೆ ಹತ್ತಕ್ಕೆ ವಿಮಾನ ಇಳಿಯುತ್ತದೆ. ಪಾತ್ರೆಯಕ್ಕ ಹಾಸಿಗೆ ಸುತ್ತಿಕೊಂಡು ಕೆಳಗೆ ಹೋದಳು. ರೂಮು ಗುಡಿಸಿದೆ, ಒರೆಸಿದೆ, ಮತ್ತೆ ಗುಡಿಸಿದೆ. ಮಂಚದ ಗಿಡ್ಡ ಕಾಲಿಗೆ ಹೊಸ ರಟ್ಟು. ಮೇಷ್ಟ್ರು ಎರಡನೇ ಹಾಳೆಯ ಜೆರಾಕ್ಸ್ ಕೊಟ್ಟಿದ್ದರು, ಅದನ್ನು ಗೋಡೆಗೆ ಅಂಟಿಸಿ ಪಾಠದ ಹಾಗೆ ಓದುತ್ತಿದ್ದೇನೆ. ಎದ್ದ ಕೂಡಲೇ ಮಾತಾಡಿಸಬಾರದು. ಕೆನೆ ತೆಗೆಯಬೇಕು. ಮಡಿಸಲು ಬಟ್ಟೆ ಸಿಗುವ ಹಾಗೆ ಇಟ್ಟಿರಬೇಕು. ಲಾಂಡ್ರಿಯವಳ ಮನೆ, ಅದಕ್ಕೇನು ಬರ.

ಮಂಚವನ್ನು ಬಾಗಿಲ ಕಡೆ ಮುಖ ಬರುವ ಹಾಗೆ ತಿರುಗಿಸಿದೆ. ತಲೆದಿಂಬು ಇಟ್ಟೆ. ಸರಿಯಾಗಿ ಕಾಣುತ್ತದಾ ಅಂತ ನಾನೇ ಮಲಗಿ ನೋಡಿದೆ. ಬಾಗಿಲು, ಚಿಲಕ, ಕೆಳಗಿನ ಸಂದಿಯಿಂದ ಓಣಿಯ ಬೆಳಕು — ಎಲ್ಲ ಕಾಣುತ್ತದೆ.

ಆದರೆ ನಾನು ಇಲ್ಲೇ ಪಕ್ಕದ ಮಂಚದಲ್ಲಿ ಇರುತ್ತೇನಲ್ಲ. ಇನ್ನು ಅವಳು ಆ ಕಡೆ ತಿರುಗಿದರೆ ಅದು ಅಕ್ಕನ ದಾರಿ ಕಾಯುವುದಕ್ಕೇ.