ತಾರೀಕು ತಾತನ ಸಂದರ್ಶನ

ಮನೆಯಿಂದ,
ಭಾನುವಾರ, ಮಾರ್ಚ್ ೯

ಮುದ್ದು ಪುಟ್ಟೀ,

ಕೆಮ್ಮು ಬಿಟ್ಟಿತಾ? ಪರೀಕ್ಷೆ ಹತ್ತಿರ ಬಂತೆಂದು ಊಟ ಬಿಟ್ಟು ಓದಬೇಡ. ಕಾನೂನಿನ ಪುಸ್ತಕಗಳು ಖಾಲಿ ಹೊಟ್ಟೆಗೆ ದಕ್ಕುವುದಿಲ್ಲ. ಅಪ್ಪನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ನಾನು ಚೆನ್ನಾಗಿದ್ದೇನೆ.

ಕೋರ್ಟಿನ ಸುದ್ದಿ ಕೇಳಿದ್ದೆಯಲ್ಲ. ಅರ್ಧ ಕೋರ್ಟು ದೊಡ್ಡ ನಗರಕ್ಕೆ ಎತ್ತಂಗಡಿಯಾದ ಮೇಲೆ ವಕೀಲರ ಕೊಠಡಿಯಲ್ಲಿ ಕುರ್ಚಿಗೆ ಕಾಯುವ ಗೋಜಿಲ್ಲ. ಬಾಡಿಗೆ ಕರಾರನ್ನು ಜನ ಫೋನಿನಲ್ಲೇ ಬರೆದುಕೊಳ್ಳುತ್ತಾರೆ. ಅಪಘಾತದ ಕೇಸುಗಳನ್ನು ನಗರದ ದೊಡ್ಡ ಸಂಸ್ಥೆಯವರು ಆಸ್ಪತ್ರೆಯ ಬಾಗಿಲಲ್ಲೇ ಬಾಚಿಕೊಂಡು ಹೋಗುತ್ತಾರೆ. ನನ್ನ ಪಕ್ಕದ ಮೇಜಿನ ವಕೀಲ ಈಗ ಮಾವನ ಔಷಧಿ ಅಂಗಡಿಯಲ್ಲಿ ಕೂರುತ್ತಾನೆ. ಎದುರಿನವಳು ಶಾಲೆಗೆ ಹೋಗುತ್ತಾಳೆ, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು. ನಮ್ಮ ಆಫೀಸಿನ ಮೆಟ್ಟಿಲು ಹತ್ತುವವರಲ್ಲಿ ಹೆಚ್ಚಿನವರು ಮೇಲಿನ ಮಹಡಿಯ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಬಂದವರು.

ಹೀಗಿರುವಾಗ ಒಂದು ವಿಮಾ ಕಂಪನಿಯವರು ಕಾಯಂ ವಕೀಲರು ಬೇಕೆಂದು ಜಾಹೀರಾತು ಕೊಟ್ಟರು. ಒಂದೇ ಹುದ್ದೆ, ಸೇರಿದವರು ಸ್ವಂತ ಪ್ರಾಕ್ಟೀಸ್ ಪೂರ್ತಿ ಬಿಡಬೇಕು. ಅರ್ಜಿ ಹಾಕಿದೆ. ಮಂಗಳವಾರ ಸಂದರ್ಶನಕ್ಕೆ ಹೋದರೆ ಕಾಯುವ ಕೋಣೆ ತುಂಬ ನಮ್ಮ ಕೋರ್ಟಿನ ವಕೀಲರೇ. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಮೂಲೆಯಲ್ಲಿ, ತೊಡೆಯ ಮೇಲೆ ಫೈಲಿಟ್ಟುಕೊಂಡು ನನ್ನ ಸೀನಿಯರ್ ಕೂತಿದ್ದರು. ಅದೇ, ಯಾವ ಕೇಸನ್ನಾದರೂ ಮುಂದಿನ ತಾರೀಕಿಗೆ ಹಾಕಿಸಬಲ್ಲರೆಂದು ನೀನು ಚಿಕ್ಕವಳಿದ್ದಾಗ ತಾರೀಕು ತಾತ ಅನ್ನುತ್ತಿದ್ದೆಯಲ್ಲ, ಅವರು. ನನಗೆ ಕೋಟು ತೊಡಿಸಿ ಕೋರ್ಟಿನಲ್ಲಿ ನಿಲ್ಲಿಸಿದವರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಪಕ್ಕದ ಕುರ್ಚಿ ಒರೆಸಿ, "ನೀನೂ ಬಂದ್ಯಾ? ಇಲ್ಲಿ ಕೂತ್ಕೋ, ಫ್ಯಾನ್ ಗಾಳಿ ಬರತ್ತೆ" ಅಂದರು.

ಮೊದಲು ಅವರನ್ನು ಕರೆದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ನಿನಗಿಂತ ಸ್ವಲ್ಪ ದೊಡ್ಡವನಿರಬಹುದಾದ ಅಧಿಕಾರಿ, ಕೇಸಿನ ಕಾಗದಗಳನ್ನು ಕಂಪ್ಯೂಟರಿನಲ್ಲಿ ಸಲ್ಲಿಸಲು ಬರುತ್ತದೆಯೇ ಎಂದು ಮರ್ಯಾದೆಯಿಂದಲೇ ಕೇಳಿದ. ನಮ್ಮ ಸೀನಿಯರ್, "ಕಲ್ತ್ಕೋತೀನಿ ಸರ್" ಅಂದರು. ನ್ಯಾಯಾಧೀಶರನ್ನು ಬಿಟ್ಟರೆ ಯಾರೆದುರೂ ದನಿ ತಗ್ಗಿಸದ ಮನುಷ್ಯ, ಪುಟ್ಟೀ. ಹೊರಗೆ ಬಂದವರು, "ಒಳ್ಳೇ ಹುಡುಗ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ವಾದಕ್ಕಿಳೀಬೇಡ" ಎಂದು ನನಗೆ ಹೇಳಿಕೊಟ್ಟರು. ನಾನು ಮುಗಿಸಿ ಬರುವವರೆಗೂ ನನ್ನ ಚೀಲ ಹಿಡಿದುಕೊಂಡು ಅಲ್ಲೇ ಕೂತಿದ್ದರು.

ಗುರುವಾರ ಫೋನ್ ಬಂತು. ಕೆಲಸ ನನಗೆ. ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ಅವರ ಮನೆಗೆ ಹೋದೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. "ನಾನಾಗಿದ್ರೂ ನಿನ್ನನ್ನೇ ತಗೋತಿದ್ದೆ" ಎಂದು ನಕ್ಕು, ನೀರು ತರುತ್ತೇನೆಂದು ಒಳಗೆ ಹೋದರು. ಬಹಳ ಹೊತ್ತಾದ ಮೇಲೆ ನೀರು ತಂದವರು ಅವರ ಹೆಂಡತಿ.

ಉಳಿದಿರುವ ನನ್ನ ಕೇಸುಗಳನ್ನು ಅವರಿಗೇ ಒಪ್ಪಿಸಿದ್ದೇನೆ. ನಿನ್ನೆ ಆಫೀಸಿಗೆ ಬಂದವರು ನನ್ನ ಕುರ್ಚಿಯಲ್ಲಿ ಕೂರಲೊಲ್ಲದೆ ಕಕ್ಷಿದಾರರ ಕುರ್ಚಿ ಎಳೆದುಕೊಂಡರು. ಮಗನನ್ನು ಗಂಡನಿಂದ ಬಿಡಿಸಿಕೊಳ್ಳಲು ಓಡಾಡುತ್ತಿರುವ ಟೈಲರ್ ಹೆಂಗಸನ್ನು ಪರಿಚಯ ಮಾಡಿಸಿದೆ. ಅವರು ಫೈಲನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಓದುವುದನ್ನೇ ಅವಳು ನೋಡುತ್ತಿದ್ದಳು. ಮೆಟ್ಟಿಲಿಳಿಯುವಾಗ ನನ್ನ ಸೆರಗು ಹಿಡಿದು, "ಮೇಡಂ, ಕೇಸ್ ಮುಗಿಯೋವರೆಗೂ ಇವ್ರು ಇರ್ತಾರಾ?" ಅಂದಳು. ಇರುತ್ತಾರೆ ಅಂದೆ. ಕರೆದುಕೊಂಡು ಹೋಗಿ ತೋರಿಸಲು, ಪ್ರಾಕ್ಟೀಸ್ ಬಿಡದೆ ನಿಲ್ಲುವ ಇನ್ನೊಬ್ಬ ವಕೀಲರಿದ್ದರೆ ತಾನೆ?

ಅಪ್ಪ ನಿನ್ನ ತಲೆ ಸವರಿದೆನೆಂದು ಬರೆ ಅಂದರು, ಬರೆದಿದ್ದೇನೆ. ಓದಿದ್ದೆಲ್ಲ ನೆನಪಿರಲಿ, ನೆನಪಿದ್ದದ್ದನ್ನೇ ಪರೀಕ್ಷೆಯಲ್ಲಿ ಕೇಳಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಪರೀಕ್ಷೆ ಮುಗಿಸಿ ಬಂದು ನನ್ನ ಜೊತೆ ಪ್ರಾಕ್ಟೀಸ್ ಮಾಡುತ್ತೇನೆ ಅಂದಿದ್ದೆಯಲ್ಲ, ಬರಬೇಡ. ನಾಳೆ ನಾನು ಕಂಪನಿಗೆ ಸೇರುತ್ತೇನೆ. "ಮಗಳನ್ನ ನನ್ ಹತ್ರ ಕಳ್ಸು, ನಿನಗೆ ಕಲ್ಸಿದ ಹಾಗೇ ಕಲಿಸ್ತೀನಿ" ಎಂದು ಸರ್ ನಿನ್ನೆ ಎರಡೆರಡು ಸಲ ಹೇಳಿದರು. ಅವರೇ ಫೋನ್ ಮಾಡಿ ಕರೆಯಬಹುದು. ಆಗುವುದಿಲ್ಲ ಅನ್ನು. ನೀನಿರುವ ಊರಿನಲ್ಲೇ ಯಾರ ಕೈಕೆಳಗಾದರೂ ಸೇರಿಕೋ. ನೀನು ಬಂದು ಬಾಗಿಲಲ್ಲಿ ನಿಂತರೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.